ಕೈ ಕಾಣುವ ಚಿತ್ರ

ಬೆಳಗಾಗುವ ಮೊದಲು ಅವಳು ಹಾಲು ಕಾಯಿಸಬೇಕು. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ತುಂಬಿಸಿ ಕೊಡಬೇಕು, ಮಾತ್ರೆ ಬಿಡಿಸಿ ಬಟ್ಟಲಿಗೆ ಹಾಕಿಡಬೇಕು. ರಾತ್ರಿಯ ಪಾತ್ರೆ ತಿಕ್ಕಬೇಕು, ನೆನೆಹಾಕಿದ ಬಟ್ಟೆ ಹಿಂಡಿ ಹರವಬೇಕು, ನೆಲ ಒರೆಸಬೇಕು. ಆಮೇಲೆ ಮುಂದಿನ ಕೋಣೆಗೆ ಹೋಗಿ, ಗಂಡ ಹಿಂದಿನ ದಿನ ಟರ್ಪಂಟೈನ್ ಡಬ್ಬಿಯಲ್ಲಿ ಮುಳುಗಿಸಿ ಮರೆತುಹೋದ ಬ್ರಷ್‌ಗಳನ್ನು ಒಂದೊಂದಾಗಿ ತೆಗೆದು, ಸೋಪು ಹಚ್ಚಿ, ಅಂಗೈ ಮೇಲೆ ಉಜ್ಜಿ ಉಜ್ಜಿ, ನೊರೆ ಬೆಳ್ಳಗಾಗುವವರೆಗೆ ತೊಳೆಯಬೇಕು. ಹೂದಾನಿಯ ನಾರುವ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಗುಲಾಬಿಯ ಮುಳ್ಳು ಸವರಬೇಕು, ಲಿಲ್ಲಿಯ ದಂಟಿನ ತುದಿ ಓರೆಯಾಗಿ ಕತ್ತರಿಸಬೇಕು, ಕಂದಿದ ಎಸಳು ಆಯಬೇಕು. ಇಷ್ಟೆಲ್ಲ ಮುಗಿಸಿ, ಮುಖ ತೊಳೆದು, ತಲೆ ಬಾಚಿ, ಬಿಸಿಲಿನ ಮೊದಲ ಕೋಲು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ಆ ಕುರ್ಚಿಯಲ್ಲಿ ಕೂತು, ಹುಟ್ಟಿದಾಗಿನಿಂದ ಒಂದು ಲೋಟವನ್ನೂ ಎತ್ತಿಡದ ಹೆಂಗಸಿನ ಹಾಗೆ ಕಾಣಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

"ಬೇಗ ಬಾರೇ, ಬೆಳಕು ಯಾರ ಮನೆ ಆಳೂ ಅಲ್ಲ, ಕಾಯೋಕೆ," ಎಂದು ಗಂಡ ಹಾಸಿಗೆಯಿಂದಲೇ ಕೂಗುತ್ತಿದ್ದ. ನಿಜ, ಆ ಮನೆಯಲ್ಲಿ ಆಳಿನ ಜಾಗ ಖಾಲಿ ಇರಲಿಲ್ಲ.

ಗಂಡ ಕಲಾವಿದ. ಹೆಂಗಸು ಮತ್ತು ಹೂವು, ಇವೆರಡು ಬಿಟ್ಟು ಅವನು ಬೇರೇನನ್ನೂ ಬರೆದವನಲ್ಲ. ಅವನ ಚಿತ್ರಗಳಲ್ಲಿ ಹೆಂಗಸರು ಹೂ ಮೂಸುತ್ತಾರೆ, ಹೂವಿಗೆ ಕೆನ್ನೆ ಆನಿಸುತ್ತಾರೆ, ಹೂವಿನ ರಾಶಿಗೆ ಒರಗಿಕೊಂಡು ಎತ್ತಲೋ ನೋಡುತ್ತಾರೆ. ಆ ರಾಶಿಯನ್ನು ಆಮೇಲೆ ಗುಡಿಸುವವರು ಯಾರು ಎಂಬುದು ಮಾತ್ರ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಊರಿನ ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ, ಎರಡು ಬ್ಯಾಂಕುಗಳ ಗೋಡೆಯ ಮೇಲೆ, ಹೆರಿಗೆ ಆಸ್ಪತ್ರೆಯ ಮೆಟ್ಟಿಲ ತಿರುವಿನಲ್ಲಿ ಅವನ ಹೆಂಗಸರು ತೂಗಾಡುತ್ತಿದ್ದರು. ಎಲ್ಲರಿಗೂ ಅವಳದೇ ಮುಖ. ಹಲ್ಲು ಕೀಳಿಸಿಕೊಳ್ಳಲು ಹೋದರೂ ತನ್ನ ಮುಖವನ್ನೇ ನೋಡುತ್ತ ಕೂರುವ ಭಾಗ್ಯ ಎಷ್ಟು ಹೆಂಗಸರಿಗಿದೆ?

ಒಂದು ಚಿತ್ರದ ಹೆಸರು 'ವಸಂತದ ನಿಟ್ಟುಸಿರು'. ಅತ್ತೆ ಅದರ ಮುಂದೆ ಕೋಲೂರಿ ನಿಂತು ಕೇಳಿದ್ದರು, "ಯಾಕಪ್ಪಾ ನಿಟ್ಟುಸಿರು?"

"ವಿರಹ ಅಮ್ಮ. ವಿರಹದ ವೇದನೆ."

"ವಿರಹನೋ ಸೊಂಟ ನೋವೋ, ಅವಳನ್ನ ಕೇಳ್ಕೊಂಡು ಬರೆದ್ಯಾ?"

ಆ ಎಲ್ಲ ಚಿತ್ರಗಳಲ್ಲಿ ಇನ್ನೊಂದು ಸಂಗತಿ ಇತ್ತು. ಯಾವ ಹೆಂಗಸಿಗೂ ಕೈ ಕಾಣುತ್ತಿರಲಿಲ್ಲ. ತೋಳು ಮೊಣಕೈ ದಾಟಿ ಮಣಿಕಟ್ಟಿನವರೆಗೆ ಬಂದು ಹೂವಿನಲ್ಲಿ ಮುಳುಗಿಬಿಡುತ್ತಿತ್ತು. ಪತ್ರಿಕೆಯೊಂದರ ವಿಮರ್ಶಕರು ಇದರ ಬಗ್ಗೆ ಅರ್ಧ ಪುಟ ಬರೆದಿದ್ದರು: ಇಲ್ಲಿ ಹೆಣ್ಣು ಹೂವನ್ನು ಹಿಡಿಯುವುದಿಲ್ಲ, ಹೂವಾಗಿ ಮುಗಿಯುತ್ತಾಳೆ, ಸ್ತ್ರೀತ್ವದ ರಹಸ್ಯವೇ ಇದು, ಹೀಗೆ. ರಹಸ್ಯ ಅಷ್ಟೇನೂ ಆಳದಲ್ಲಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಕೈಗಳನ್ನೂ ಕಂಡ ಹಾಗೇ ಬರೆದಿದ್ದ. ಕೊಳ್ಳಲು ಬಂದವರು, "ಮುಖ ರಾಜಕುಮಾರಿದು, ಕೈ ಅವಳ ಕೆಲಸದವಳದು ಇದ್ದಂಗಿದೆ," ಎಂದು ನಕ್ಕು ಹೊರಟುಹೋದರು. ಅಂದು ಸಂಜೆ ಆ ಕೈಗಳ ಮೇಲೆ ಮೊದಲ ಸಲ ಗುಲಾಬಿಗಳು ಬಿದ್ದವು, ಮರುದಿನ ಚಿತ್ರ ಮಾರಾಟವಾಯಿತು, ಶೈಲಿ ಹುಟ್ಟಿತು.

"ಕೈ ಹಿಡಿದವನಿಗೆ ಕೈಯೊಂದನ್ನ ಬರೆಯೋಕೆ ಆಗ್ಲಿಲ್ಲ ನೋಡು," ಎಂದು ಅತ್ತೆ ಆಗಾಗ ಹೇಳುತ್ತಿದ್ದರು.

ಅವಳಿಗೂ ಒಂದು ಕಸುಬಿತ್ತು. ಮದುವೆಗೆ ಮೊದಲು ಅವಳು ಪೇಟೆಯ ರಫೂ ಅಂಗಡಿಯಲ್ಲಿ ಕೂರುತ್ತಿದ್ದಳು. ಸಿಗರೇಟು ಸುಟ್ಟ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿ ಹರಿದ ರೇಷ್ಮೆ ಬರುತ್ತಿದ್ದವು. ಆ ಬಟ್ಟೆಯದೇ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಒಂದು ಮೇಲೆ ಒಂದು ಕೆಳಗೆ ನೇಯ್ದು, ತೂತು ಇದ್ದ ಗುರುತೇ ಇಲ್ಲದ ಹಾಗೆ ಮುಚ್ಚಬೇಕು. ಅಂಗಡಿ ನಡೆಸುವ ರಫೂ ಅಕ್ಕ ಅವಳಿಗೆ 'ಸೂಜಿ' ಎಂದೇ ಹೆಸರಿಟ್ಟಿದ್ದಳು. ಅಲ್ಲಿಯೂ ಕೆಲಸ ಕಾಣಬಾರದು, ಮನೆಯಲ್ಲಿಯೂ ಕಾಣಬಾರದು. ವ್ಯತ್ಯಾಸವಿಷ್ಟೇ, ಅಂಗಡಿಗೆ ಬಂದವರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, "ಎಲ್ಲಿತ್ತಮ್ಮಾ ತೂತು?" ಎಂದು ಹುಡುಕುತ್ತಿದ್ದರು. ಮನೆಯಲ್ಲಿ ಯಾರೂ ಹುಡುಕುವುದಿಲ್ಲ.

"ಒಂದಷ್ಟು ದಿನ ಅಂಗಡಿ ಬಿಡು, ಈ ಪ್ರದರ್ಶನ ಮುಗೀಲಿ," ಎಂದು ಮದುವೆಯಾದ ವರ್ಷ ಗಂಡ ಹೇಳಿದ್ದ. ಬಿಟ್ಟಳು. ಪ್ರದರ್ಶನ ಒಂದೇ ವಾರದಲ್ಲಿ ಮುಗಿದಿತ್ತು, ಒಂದಷ್ಟು ದಿನ ಇನ್ನೂ ಮುಗಿದಿರಲಿಲ್ಲ.

ಈ ತಿಂಗಳ ಮೊದಲಲ್ಲಿ ಗುಂಡಿ ಕೊಳ್ಳಲು ಪೇಟೆಗೆ ಹೋದಾಗ ಅವಳು ಅಂಗಡಿಯೊಳಗೆ ಇಣುಕಿದಳು. ರಫೂ ಅಕ್ಕನ ಪಕ್ಕದ ಕುರ್ಚಿ ಖಾಲಿ ಇತ್ತು. ಅಲ್ಲಿ ಕೂರುತ್ತಿದ್ದವಳು ಊರು ಬಿಟ್ಟಿದ್ದಳು.

"ಬರ್ತೀಯೇನೇ ಸೂಜಿ?" ಎಂದಳು ರಫೂ ಅಕ್ಕ, ಕನ್ನಡಕ ಹಣೆಗೇರಿಸಿ. "ನನ್ನ ಕಣ್ಣು ಹೋಗ್ತಾ ಇದೆ. ಜೊತೆಗೆ ಒಬ್ಬಳು ಬೇಕು. ಕೆಲಸ ಕಲಿಸೋಕೆ ನನಗೆ ತಾಳ್ಮೆ ಇಲ್ಲ, ಕಲಿತವಳೇ ಬೇಕು."

"ಬರ್ತೀನಕ್ಕಾ," ಎಂದುಬಿಟ್ಟಳು.

ರಫೂ ಅಕ್ಕ ಒಂದು ರೇಷ್ಮೆ ತುಂಡನ್ನು ಮೇಜಿನ ಮೇಲೆ ಹಾಸಿ, "ಕೈ ಆಡಿಸು," ಎಂದಳು. ಆಡಿಸಿದಳು. ಅಂಗೈಯ ಬಿರುಕುಗಳಿಗೆ ಎಳೆಗಳು ಸಿಕ್ಕಿ ಸರ್ರನೆ ಎದ್ದು ಬಂದವು, ಬೆಕ್ಕು ಉಗುರು ಹಾಕಿದ ಹಾಗೆ.

"ಇದೇನೇ, ಕೈ ಆಗಿದ್ದು ಕಬ್ಬಿಣ ತಿಕ್ಕೋ ಅರ ಆಗೋಗಿದೆಯಲ್ಲ," ಎಂದಳು ರಫೂ ಅಕ್ಕ. "ಈ ಕೈಗೆ ಯಾರ ಬಟ್ಟೆ ಕೊಡ್ಲಿ? ತೂತು ಮುಚ್ಚೋಕೆ ಬಂದವರಿಗೆ ಹತ್ತು ತೂತು ಮಾಡಿ ಕಳಿಸ್ತೀಯ. ಕೈ ಸರಿ ಮಾಡ್ಕೊಂಡು ಬಾ. ತಿಂಗಳ ಕೊನೇವರೆಗೂ ಕುರ್ಚಿ ಇಟ್ಟಿರ್ತೀನಿ. ಆಮೇಲೆ ನನ್ನ ಬೈಬೇಡ."

ಕೈ ಸರಿ ಮಾಡಿಕೊಳ್ಳಬೇಕಂತೆ. ಮೀನಿಗೆ, ಸ್ವಲ್ಪ ಮೈ ಒಣಗಿಸಿಕೊಂಡು ಬಾ ಅಂದ ಹಾಗೆ. ಒಮ್ಮೆ ರಬ್ಬರಿನ ಕೈಗವಸು ತಂದಿದ್ದಳು, ಟರ್ಪಂಟೈನ್ ಅದನ್ನು ನಾಲ್ಕು ದಿನದಲ್ಲಿ ತಿಂದು ತೇಗಿತ್ತು. ಪಾತ್ರೆ, ಬಟ್ಟೆ, ನೆಲ, ಬ್ರಷ್, ಹೂವಿನ ನೀರು, ಇಷ್ಟರಲ್ಲಿ ಯಾವುದನ್ನು ಬಿಡುವುದು? ಮನೆಯಲ್ಲಿ ಕೇಳಿದರೆ ಏನು ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಕೇಳದೆ, ಮಲಗುವಾಗ ಅಂಗೈಗೆ ಬೆಣ್ಣೆ ಸವರಿಕೊಳ್ಳತೊಡಗಿದಳು. ಬೆಳಗಿನ ಸೋಪಿನ ಪುಡಿ ಅದನ್ನು ತಪ್ಪದೆ ವಸೂಲು ಮಾಡುತ್ತಿತ್ತು.

ಅಷ್ಟರಲ್ಲಿ ದೊಡ್ಡ ಹೋಟೆಲಿನ ಯಜಮಾನರು ಮನೆಗೇ ಬಂದರು. ಹೋಟೆಲಿಗೆ ಹೊಸ ಹಜಾರ ಕಟ್ಟಿಸಿದ್ದರು. ಎದುರು ಗೋಡೆ ತುಂಬುವಷ್ಟು ದೊಡ್ಡ ಚಿತ್ರ ಬೇಕಿತ್ತು.

"ನಿಮ್ಮದೇ ಹೆಂಗಸು, ನಿಮ್ಮದೇ ಹೂವು," ಎಂದರು. "ಆದರೆ ಸುಮ್ಮನೆ ಕೂತಿರಬಾರದು ಸಾರ್. ಬಾಗಿಲಿಂದ ಒಳಗೆ ಬಂದೋರಿಗೆ ಎರಡೂ ಕೈಲಿ ಹೂ ಕೊಡ್ತಾ ಇರಬೇಕು. ಕೈ ಚೆನ್ನಾಗಿ ಕಾಣಬೇಕು. ಸ್ವಾಗತ ಅಂದ್ರೆ ಕೈ ತಾನೇ?"

"ಕೈ ತಾನೇ," ಎಂದ ಕಲಾವಿದ.

ಯಜಮಾನರು ಹೋದ ಮೇಲೆ ಅವನು ಹೆಂಡತಿಯನ್ನು ಕಿಟಕಿಯ ಬಳಿ ಕರೆದು, ಅವಳ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದ. ಮದುವೆಯ ದಿನದ ನಂತರ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

"ಇದೇನೇ ಇದು?"

"ಕೈ."

"ಇದನ್ನ ಹೇಗೆ ಬರೀಲಿ?"

"ಮೊದಲು ಬರೆದಿದ್ರಲ್ಲ."

ಅವನು ಕೋಣೆಯಲ್ಲಿ ಶತಪಥ ತುಳಿದ. ಊರಲ್ಲಿ ಮೆತ್ತಗಿನ ಕೈಯವರು ಯಾರ್ಯಾರಿದ್ದಾರೆಂದು ಯೋಚಿಸಿದ. ಅಂಥವರೆಲ್ಲ ಗಂಡಂದಿರ ಜೊತೆ ಬಂದು ಕೂರುತ್ತಾರೆಂಬುದು ಹೊಳೆದು ಕೈಬಿಟ್ಟ. ಕೊನೆಗೆ ಅಡುಗೆಮನೆಗೆ ಬಂದು, ದೊರೆ ಸೆರೆಯಾಳಿಗೆ ಕ್ಷಮೆ ಘೋಷಿಸುವ ಧಾಟಿಯಲ್ಲಿ ಹೇಳಿದ, "ನಾಳೆಯಿಂದ ನಿನ್ನ ಕೈ ನೀರು ಮುಟ್ಟಬಾರದು. ಚಿತ್ರ ಮುಗಿಯೋವರೆಗೂ ಕೈಗೆ ರಜೆ."

"ಪಾತ್ರೆ?"

"ಅದೇನು ಮಹಾ, ನೋಡ್ಕೊಂಡರಾಯ್ತು. ಕೈಗೆ ಮಾತ್ರ ಕಣೇ ರಜೆ. ಮಿಕ್ಕಿದ್ದೆಲ್ಲ ನೀನು ಎಂದಿನ ಹಾಗೆ ಮಾಡ್ಕೊಂಡು ಹೋಗು."

ಅತ್ತೆ ಮೂಲೆಯಿಂದ ಕೇಳಿದರು, "ಮಿಕ್ಕಿದ್ದು ಅಂದ್ರೆ ಯಾವುದೋ? ಬಾಯಲ್ಲಿ ಕಚ್ಕೊಂಡು ಗುಡಿಸ್ಬೇಕಾ ಅವಳು?"

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಡುವೆ ಮಾತಾಡಿ ಕೆಡಿಸುವಷ್ಟು ಅವಳು ದಡ್ಡಿಯಲ್ಲ.

ಮರುದಿನ ಕಲಾವಿದ ತಾನೇ ಹೋಗಿ ಮುಲಾಮು, ಹತ್ತಿಯ ಬಿಳಿ ಕೈಗವಸು ತಂದ. ಕೆಲಸದವರನ್ನು ಇಡುವ ಮಾತು ಬಂದಾಗ, "ಇಷ್ಟು ಸಣ್ಣ ಮನೆಗೆ ಆಳು ಯಾಕೆ, ಅರ್ಧ ಗಂಟೆ ಕೆಲಸ," ಎಂದು ತೋಳು ಮಡಚಿದ. ಮೊದಲ ದಿನ ಶಿಳ್ಳೆ ಹಾಕುತ್ತ ಪಾತ್ರೆ ತೊಳೆದ. ಒಂದೊಂದು ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಪ್ರದರ್ಶನಕ್ಕಿಟ್ಟ ಹಾಗೆ ಸಾಲಾಗಿ ಜೋಡಿಸಿದ. ಮಧ್ಯಾಹ್ನ ಬಂದು ನೋಡಿದರೆ ಸಿಂಕು ಮತ್ತೆ ತುಂಬಿತ್ತು.

"ಈಗ ತಾನೇ ತೊಳೆದಿದ್ನಲ್ಲೇ?"

"ಈಗ ತಾನೇ ಊಟ ಮಾಡಿದ್ರಲ್ಲ?"

ಇದು ಹೀಗೇ ನಡೆಯುತ್ತ ಹೋಗುವ ಸಂಗತಿ ಎಂಬುದು ಅವನಿಗೆ ಎರಡು ದಿನ ನಂಬಿಕೆಯಾಗಲಿಲ್ಲ. ಯಾರೋ ಬೇಕೆಂದೇ ಪಾತ್ರೆ ಕೊಳೆ ಮಾಡುತ್ತಿದ್ದಾರೆಂದು ಅನುಮಾನಪಟ್ಟ. ಸೋಪು ಎಲ್ಲಿ, ಜರಡಿ ಎಲ್ಲಿ, ನೆಲದ ಬಟ್ಟೆ ಯಾವುದು, ಅಮ್ಮನ ಬಿಳಿ ಮಾತ್ರೆ ಮೊದಲೋ ಹಳದಿ ಮಾತ್ರೆಯೋ ಎಂದು ಮನೆಯ ನಾಲ್ಕು ಮೂಲೆಯಿಂದ ಕೂಗು ಬರುತ್ತಿತ್ತು. ಅವಳು ಬಿಳಿ ಕೈಗವಸಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಲಿಲ್ಲಿಯ ಕೇಸರದ ಪುಡಿ ಅಂಗಿಗೆ ಬಿದ್ದರೆ ಒದ್ದೆ ಬಟ್ಟೆಯಲ್ಲಿ ಉಜ್ಜಬಾರದು ಎಂಬುದನ್ನು, ಉಜ್ಜಿದ ಮೇಲೆ ಕೇಳಿ ತಿಳಿದುಕೊಂಡ. ಇಷ್ಟು ವರ್ಷ ಆ ಹೂವಿನ ಮೃದುತ್ವವನ್ನು ಬರೆದವನು ಅದರ ಕೊಳೆತ ನೀರಿನ ವಾಸನೆಯನ್ನು ಮೊದಲ ಸಲ ಮೂಸಿದ.

ಊರಿಗೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ಟೀಚರಮ್ಮ ಬೇಲಿಯಾಚೆಯಿಂದ ಹೇಳಿದರು, "ಪಾತ್ರೆ ತೊಳೆಯೋ ಗಂಡ! ಎಷ್ಟು ಜನ್ಮದ ಪುಣ್ಯವೋ ನಿಂದು." ಇಷ್ಟು ವರ್ಷ ಅವಳು ತೊಳೆದದ್ದಕ್ಕೆ ಯಾರೂ ಅವನನ್ನು ಪುಣ್ಯವಂತ ಎಂದಿರಲಿಲ್ಲ.

ವಾರ ಕಳೆಯುವುದರೊಳಗೆ ಅವನು ಹೆಂಡತಿಯ ಮುಂದೆ ಕೈ ಚಾಚಿ ನಿಂತ. ಬೆರಳ ಸಂದಿ ಕೆಂಪಾಗಿ ಒಡೆದಿತ್ತು, ಉಗುರಿನ ಬುಡದಲ್ಲಿ ಚರ್ಮ ಎದ್ದಿತ್ತು.

"ನೋಡೇ ಇಲ್ಲಿ. ಟರ್ಪಂಟೈನ್ ತಗುಲಿದ್ರೆ ಪ್ರಾಣ ಹೋಗುತ್ತೆ. ಉರಿ."

"ಹೂಂ. ಉರಿಯುತ್ತೆ," ಎಂದಳು.

ಅವನು ಅದನ್ನು ಸಹಾನುಭೂತಿ ಎಂದುಕೊಂಡು ಒಳಗೆ ಹೋದ.

ಅತ್ತ ಅವಳ ಕೈಗಳು ಮೊದಲು ಸಿಪ್ಪೆ ಬಿಟ್ಟವು, ಆಮೇಲೆ ಬಿರುಕು ಕೂಡಿಕೊಂಡಿತು, ಆಮೇಲೆ ಒಳಗಿನಿಂದ ಬೇರೆಯೇ ಚರ್ಮ ಬಂತು. ಒಂದು ದಿನ ಅವಳು ಬೀರುವಿನಲ್ಲಿದ್ದ ಗಂಡನ ಹಳೆಯ ಕೋಟಿನ ರೇಷ್ಮೆ ಒಳಪದರದ ಮೇಲೆ ಹೆದರುತ್ತ ಅಂಗೈ ಆಡಿಸಿದಳು. ಜಾರಿತು. ಒಂದು ಎಳೆಯೂ ಏಳಲಿಲ್ಲ. ಮತ್ತೆ ಆಡಿಸಿದಳು, ಈಗ ಬೆರಳ ತುದಿಯಲ್ಲಿ. ಅಡ್ಡ ಎಳೆ ಯಾವುದು, ಉದ್ದ ಎಳೆ ಯಾವುದು ಎಂದು ಬೆರಳಿಗೇ ತಿಳಿಯುತ್ತಿತ್ತು. ಬೀರುವಿನ ಬಾಗಿಲ ಹಿಂದೆ ನಿಂತು ಅವಳು ಒಬ್ಬಳೇ ನಕ್ಕಳು. ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು. ಚಿತ್ರ ಮುಗಿದ ಮರುದಿನವೇ ಅಂಗಡಿಗೆ ಹೋಗುವುದು. ಆದರೆ ಚಿತ್ರ ಮುಗಿದ ದಿನವೇ ಕೈಯ ರಜೆಯೂ ಮುಗಿಯುತ್ತದೆ. ನಡುವೆ ಒಂದು ಸಿಂಕಿನಷ್ಟು ಜಾಗವಿತ್ತು.

ಚಿತ್ರ ಬೆಳೆಯಿತು. ಬೆಳಗಿನ ಬೆಳಕಿನಲ್ಲಿ ಅವಳು ಬಾಗಿಲ ಕಡೆ ತಿರುಗಿ, ಎರಡೂ ಕೈಯಲ್ಲಿ ಗುಲಾಬಿಗಳನ್ನು ಮುಂದೆ ಚಾಚಿ ನಿಲ್ಲಬೇಕಿತ್ತು. ನಿಂತು ನಿಂತು ಬೇಸರವಾದಾಗ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಎಸಳು ತಾನಾಗಿ ಬಂದು ಸೇರುತ್ತಿತ್ತು. ಮೆಲ್ಲಗೆ ಉಜ್ಜಿ ನೋಡುತ್ತಿದ್ದಳು. ಎಷ್ಟು ದಪ್ಪ, ಎಷ್ಟು ಬಿಗಿ, ಎಲ್ಲಿ ಸವೆದಿದೆ. ಕಳೆದುಹೋಗಿದ್ದ ಬುದ್ಧಿ ಬೆರಳಿಗೆ ವಾಪಸು ಬಂದಿತ್ತು, ಅದು ಸುಮ್ಮನಿರಲು ಒಲ್ಲದು.

"ಹಾಗೇ ಇರು, ಅಲ್ಲಾಡಬೇಡ," ಎಂದ ಗಂಡ. ಪಟ್ಟಿ ಸುತ್ತಿದ ಬೆರಳುಗಳಲ್ಲಿ ಬ್ರಷ್ ಹಿಡಿದು, ಕಂಡದ್ದನ್ನು ಕಂಡ ಹಾಗೇ ಬರೆದ. ಮುಗಿದ ದಿನ ಹಿಂದೆ ಸರಿದು ನೋಡಿದ. ಆಮೇಲೆ, "ಬಂತು ಕಣೇ," ಎಂದ, ತಗ್ಗಿದ ದನಿಯಲ್ಲಿ. "ಇಂಥದ್ದು ನನ್ನ ಕೈಲಿ ಯಾವತ್ತೂ ಬಂದಿರಲಿಲ್ಲ."

ಅವಳೂ ನೋಡಿದಳು. ಮುಖ ಎಂದಿನ ವಸಂತವೇ. ಕೈ ಮಾತ್ರ ಅವಳದು.

ಹೋಟೆಲಿನ ಯಜಮಾನರು ಬಂದು ಚಿತ್ರದ ಮುಂದೆ ನಿಂತರು. "ಆಹಾ," ಎಂದರು. ಮತ್ತೊಮ್ಮೆ "ಆಹಾ" ಎನ್ನಲು ಬಾಯಿ ತೆರೆದವರು ಹಾಗೇ ನಿಂತರು. ಹತ್ತಿರ ಹೋದರು, ದೂರ ಬಂದರು, ತಲೆ ಓರೆ ಮಾಡಿದರು.

"ಏನೋ ಒಂಥರಾ ಇದೆ ಸಾರ್. ಕೈ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಈಕೆ ಹೂ ಕೊಡ್ತಾ ಇಲ್ಲ. ಕೊಡ್ಲೋ ಬೇಡ್ವೋ ಅಂತ ನೋಡ್ತಾ ಇದ್ದಾಳೆ. ಬಟ್ಟೆ ಅಂಗಡೀಲಿ ನಮ್ಮ ಮನೆಯವರು ಬಟ್ಟೆ ಹಿಡಿದು ನೋಡ್ತಾರಲ್ಲ, ಥೇಟ್ ಹಾಗೆ. ಒಳಗೆ ಬಂದೋರಿಗೆ ತಾವೇ ಏನೋ ಕಳಪೆ ಮಾಲು ಅನ್ನಿಸಲ್ವಾ?"

"ಬದಲಾಯಿಸ್ಬೋದು," ಎಂದ ಕಲಾವಿದ.

"ಬದಲಾಯಿಸೋದು ಯಾಕೆ? ಹೂ ಹಾಕಿ ಮುಚ್ಚಿಬಿಡಿ. ನಿಮ್ಮ ಹಳೇ ಥರ. ಅದರಲ್ಲೊಂದು ರಹಸ್ಯ ಇರುತ್ತೆ."

ಅವರು ಹೋದ ಮೇಲೆ ಅವನು ಬ್ರಷ್ ಅದ್ದಿ ಆ ಕೈಗಳ ಮುಂದೆ ನಿಂತ. ಕ್ಯಾನ್ವಾಸಿನಿಂದ ಗೇಣು ದೂರದಲ್ಲಿ ಬ್ರಷ್ ನಿಂತಿತು. ಪಾಪ, ಒಳಗೆಲ್ಲೋ ಒಬ್ಬ ಕಲಾವಿದನೂ ಇದ್ದ. ಅವನು ಒಂದು ಕ್ಷಣ ತಲೆ ಎತ್ತಿದ. ಆಮೇಲೆ ಕೆಂಪು, ಬಿಳಿ, ತುಸು ಹಳದಿ. ಊಟದ ಹೊತ್ತಿಗೆ ಎರಡೂ ಕೈ ಗುಲಾಬಿಯಡಿಯಲ್ಲಿ ಸಮಾಧಿಯಾಗಿದ್ದವು. ಅತ್ತೆ ಇಣುಕಿ ನೋಡಿ, "ಇಷ್ಟು ದಿನ ಪಾತ್ರೆ ತೊಳೆದದ್ದು ಇದಕ್ಕೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ಮಲಗಿದರು.

ಬಣ್ಣ ಆರಿದ ದಿನ ಚಿತ್ರವನ್ನು ವ್ಯಾನಿಗೇರಿಸಿದರು. ಅಂದೇ ತಿಂಗಳ ಕೊನೆಯ ದಿನ. ಕಲಾವಿದನ ಮುಖದಲ್ಲಿ ದುಃಖವೇನೂ ಇರಲಿಲ್ಲ. ಅದಕ್ಕಿಂತ ದೊಡ್ಡದೊಂದು ಬಿಡುಗಡೆ ಅವನಿಗೆ ಸಿಕ್ಕಿತ್ತು. ಕೈ ಮುಚ್ಚಿದ ದಿನದಿಂದಲೇ ಅವನು ಸಿಂಕಿನ ಕಡೆ ಸುಳಿದಿರಲಿಲ್ಲ. ಯಜಮಾನರು ಮತ್ತೆ ಮನಸ್ಸು ಬದಲಿಸಿದರೆ ಬೇಕಾದೀತೆಂದು, ಚಿತ್ರ ಮನೆ ಬಿಡುವವರೆಗೆ ಅವಳ ಕೈಗವಸನ್ನೂ ತೆಗೆಸಿರಲಿಲ್ಲ. ಮನೆಯಲ್ಲಿದ್ದ ಪಾತ್ರೆಯೆಲ್ಲ ಅಲ್ಲೇ ರಾಶಿ ಬಿದ್ದಿತ್ತು.

"ರಜೆ ಮುಗೀತಮ್ಮಾ," ಎಂದ ಬಾಗಿಲಲ್ಲಿ ನಿಂತು, ನಗುತ್ತ. "ನಾನು ಬರೋಷ್ಟರಲ್ಲಿ ಎಲ್ಲ ಮೊದಲಿನ ಹಾಗೆ ಆಗಿರ್ಲಿ. ಬ್ರಷ್ ಡಬ್ಬಿ ಒಂದು ತುಂಬಿ ಕೂತಿದೆ, ಮೊದಲು ಅದನ್ನ ನೋಡು."

ವ್ಯಾನು ಹೋಯಿತು. ಅತ್ತೆ ಒಳಗೆ ನಿದ್ದೆಯಲ್ಲಿದ್ದರು. ಅವಳು ಅಡುಗೆಮನೆಗೆ ಬಂದು ಕೈಗವಸು ಕಳಚಿ, ನಲ್ಲಿ ತಿರುಗಿಸಿದಳು. ತಟ್ಟೆಗಳ ಮೇಲೆ ಒಣಗಿದ್ದ ಮೊಟ್ಟೆಯ ಹಳದಿಯ ಮೇಲೆ ನೀರು ಬಿದ್ದು ಸಿಡಿಯಿತು. ಸೋಪಿನ ಪುಡಿಯ ಡಬ್ಬಿ ಪಕ್ಕದಲ್ಲೇ ಇತ್ತು, ತಂತಿಯ ನಾರು ಅದರ ಮೇಲೆ.

ಒಂದು ಸಲ ತೊಳೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಇವತ್ತೊಂದು ದಿನ ಮಾಡಿಟ್ಟು ಹೋದರೆ ಮನೆಯಲ್ಲಿ ಮಾತು ಬರುವುದಿಲ್ಲ. ಆಮೇಲೆ ಬ್ರಷ್, ಅದೂ ಒಂದು ಸಲ. ಸಂಜೆಗೆ ಬಟ್ಟೆ. ಒಂದು ಸಲ ಎನ್ನುವುದು ಎಷ್ಟು ಉದ್ದವಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅತ್ತೆಯನ್ನು ಎಬ್ಬಿಸಿ ಕೇಳಬಹುದಿತ್ತು. ಅತ್ತೆ ಬೇಡ ಎನ್ನುತ್ತಿರಲಿಲ್ಲವೇನೋ. ಆದರೆ ಕೇಳಿದರೆ, ಅದು ಕೇಳಿ ಪಡೆದ ಸಂಗತಿಯಾಗಿಬಿಡುತ್ತಿತ್ತು. ಕೊಟ್ಟವರು ನಾಳೆ ವಾಪಸು ತೆಗೆದುಕೊಳ್ಳಬಹುದು, ಒಳ್ಳೆಯ ಮಾತಿನಲ್ಲೇ.

ನೀರು ಸುರಿಯುತ್ತಲೇ ಇತ್ತು. ಅವಳು ಕೈ ಹಿಂದಕ್ಕೆಳೆದುಕೊಂಡು ನಲ್ಲಿ ನಿಲ್ಲಿಸಿದಳು. ಅತ್ತೆಯ ಮಂಚದ ಪಕ್ಕ ನೀರಿನ ಲೋಟ, ಮಾತ್ರೆಯ ಬಟ್ಟಲು ಇಟ್ಟಳು, ಅವರಿಗೇಕೆ ತೊಂದರೆ. ಬೇರೆ ಬಟ್ಟೆ ಉಟ್ಟಳು. ಅಂಗಡಿಯಿಂದ ಸಂಜೆ ಬರುತ್ತೇನೆ, ನಾಳೆಯೂ ಹೋಗುತ್ತೇನೆ, ನಾಳಿದ್ದೂ ಹೋಗುತ್ತೇನೆ ಎಂದು ಗಂಡನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಬಹುದಿತ್ತು. ಮೊದಲು ಹೇಳಿ ಆಮೇಲೆ ಹೋಗುವುದೋ, ಮೊದಲು ಹೋಗಿ ಆಮೇಲೆ ಹೇಳುವುದೋ ಎಂಬುದೊಂದು ಮಾತ್ರ ಈಗಲೇ ತೀರ್ಮಾನವಾಗಬೇಕಿತ್ತು.

ಅವಳು ಮುಂಬಾಗಿಲು ಎಳೆದುಕೊಂಡು ಹೋದಳು.